ಬೆರಳಿಗೆ ತಾಕದ ರಂಗೋಲಿ ಪುಡಿ

ಕೀಮೋದಲ್ಲಿ ನನಗೆ ಮೊದಲು ಕೊಟ್ಟ ಕೆಂಪು ಔಷಧಿ ಬೇಗ ಬೇಗ ಹೆಚ್ಚುವ ಕೋಶಗಳನ್ನೆಲ್ಲ ಕೊಲ್ಲುತ್ತಿತ್ತು. ಕ್ಯಾನ್ಸರ್ ಯಾವುದು, ಕೂದಲಿನ ಬೇರು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ನನ್ನ ಜಡೆ ಹೋಯಿತು. ಆಮೇಲಿನ ಬಣ್ಣವಿಲ್ಲದ ಔಷಧಿ, ಕೋಶ ಎರಡಾಗದಂತೆ ಅದರೊಳಗಿನ ಎಳೆಗಳನ್ನು ಬಿಗಿದುಬಿಡುವಂಥದ್ದು. ನರಗಳಲ್ಲೂ ಅಂಥ ಎಳೆಗಳಿವೆಯಂತೆ. ನನ್ನ ಬೆರಳುಗಳಿಗೆ ಜೋಮು ಹಿಡಿಯಿತು.

ಆದರೂ ಜಯನಗರದ ನಮ್ಮ ಗೇಟಿನ ಮುಂದೆ ರಂಗೋಲಿ ಬಿಡುವುದನ್ನು ನಾನು ನಿಲ್ಲಿಸಲಿಲ್ಲ. ಕನಸಿನಲ್ಲಿ ಯಾರದೋ ಕೈ ಪುಡಿ ಉದುರಿಸುವುದನ್ನು ನೋಡಿದಂತಿರುತ್ತಿತ್ತು. ಎಷ್ಟು ಪುಡಿ ಬೀಳುತ್ತಿದೆ ಎಂದು ಬೆರಳಿಗೆ ತಿಳಿಯದೆ ಗೆರೆ ದಪ್ಪವಾಗುತ್ತಿತ್ತು.

"ಏನಾಂಟಿ, ಇಷ್ಟು ದಪ್ಪ ರಂಗೋಲಿ, ಇವತ್ತು ಹಬ್ಬಾನಾ?" ಎಂದು ಎದುರುಮನೆ ಹುಡುಗಿ ಕೇಳಿದಳು.

"ಇಲ್ಲಮ್ಮ," ಎಂದೆ, ಸಿಡುಕಿನಿಂದ.

ಚಿಕಿತ್ಸೆ ಮುಗಿದು ಎಷ್ಟೋ ತಿಂಗಳ ಮೇಲೆ, ಒಂದು ಬೆಳಗ್ಗೆ ಪುಡಿ ಬೆರಳಿಗೆ ತರಿತರಿಯಾಗಿ ತಾಕಿತು. ಅವತ್ತು ಬೇಕೆಂದೇ ದಪ್ಪ ಗೆರೆ ಎಳೆದು, ಆ ಹುಡುಗಿ ಮತ್ತೆ 'ಹಬ್ಬಾನಾ?' ಎಂದು ಕೇಳಲಿ ಅಂತ ಗೇಟಿನಲ್ಲೇ ನಿಂತೆ.