ದ್ವೀಪದ ಬಾಲ, ಗುಡ್ಡದ ಮೂಗು

ಮೊನ್ನೆ ನಮ್ಮ ಮನೆ ಗೇಟಿಗೆ ಬೂದು ಬಣ್ಣ ಬಳೀತಿದ್ರು. ಆ ಎಣ್ಣೆ ಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ಅಂಕೋಲೆಯ ಈ ಜಗಲಿ ಮೇಲೆ ಕೂತಿದ್ದ ನಾನು ಸೀದಾ ಹೋಗಿ ಹಡಗಿನ ಮೆಟ್ಟಿಲ ಮೇಲೆ ನಿಂತೆ. ಬಿಸಿಲಿಗೆ ಕಾದ ಕಬ್ಬಿಣ, ಅದರ ಮೇಲೆ ಹೊಸ ಬಣ್ಣ, ಕೆಳಗೆ ಉಪ್ಪುನೀರು, ಡೀಸೆಲ್ಲು, ನಾಲ್ಕೂ ಸೇರಿದ ವಾಸನೆ ಅದು. "ನಿಧಾನ ಬಳಿ ಮಾರಾಯ, ನಂಗೇನೂ ಅವಸರ ಇಲ್ಲ" ಅಂತ ಪೇಂಟರಿಗೆ ಹೇಳಿ ಕಣ್ಣು ಮುಚ್ಚಿ ಕೂತೆ. ಅವ ನನ್ನ ಮುಖ ನೋಡಿದ. ಮುದುಕನಿಗೆ ಮರುಳು ಅಂದ್ಕೊಂಡಿರ್ಬೇಕು. ಅಂದ್ಕೊಳ್ಳಲಿ. ನನಗೆ ಮರುಳು ಅಂತ ಊರವರು ಹೇಳೋಕೆ ಶುರು ಮಾಡಿ ಅರವತ್ತು ವರ್ಷದ ಮೇಲಾಯ್ತು, ಇವನದೇನು ಹೊಸದಲ್ಲ.

ನಮ್ಮದು ಕಾರವಾರಕ್ಕೂ ಅಂಕೋಲೆಗೂ ನಡುವೆ, ಗುಡ್ಡ ಬಂದು ಕಡಲಿಗೆ ಕಾಲು ಚಾಚಿದ ಕಡೆ ಇದ್ದ ಒಂದು ಕೇರಿ. ಆ ಕೇರಿಯಲ್ಲಿ ನನ್ನಷ್ಟು ಕಿಲಾಡಿ ಹುಟ್ಟಿರ್ಲಿಲ್ಲ, ಆಮೇಲೂ ಹುಟ್ಟಲಿಲ್ಲ; ಇದು ಜಂಬ ಅಲ್ಲ, ಬೇಕಾದ್ರೆ ಯಾರನ್ನಾದ್ರೂ ಕೇಳಿ, ಬದುಕಿದ್ದವರು ಸಿಕ್ಕಿದ್ರೆ. ತೆಂಗಿನ ಗರಿಯ ಮಡ್ಲು ಹೊದೆಸಿದ ಮನೆ, ಒಳಗೆ ಹದಿನಾಲ್ಕು ಜನ. ಅಪ್ಪ, ದೊಡ್ಡಪ್ಪ ಒಂದೇ ದೋಣಿಯಲ್ಲಿ ಕಡಲಿಗೆ ಹೋಗೋರು. ನನ್ನ ಆಯಿ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗೋಳು. ಒಲೆ ದೊಡ್ಡಾಯಿಯದು, ಅಂದ್ರೆ ದೊಡ್ಡಪ್ಪನ ಹೆಂಡತಿಯದು. ಬೆಳಿಗ್ಗೆ ಕೆಂಡದ ಮೇಲೆ ಒಣ ಬಂಗಡೆ ಸುಡೋ ವಾಸನೆಗೆ ನಾವು ಮಕ್ಕಳೆಲ್ಲ ಹಾಸಿಗೆ ಬಿಟ್ಟು ತೆವಳ್ಕೊಂಡು ಒಲೆ ಹತ್ತಿರ ಸೇರ್ತಿದ್ವಿ. ಗಾಳಿಗೆ ಹಾರಿ ಬಂದ ಮರಳು ಗಂಜಿಯಲ್ಲಿ ಕರಕರ ಅಂತಿತ್ತು. ಯಾರು ಬಂದ್ರೂ, ಬಲೆ ಹೆಣೆಯೋನಾಗಲಿ, ಕರೆಂಟಿನ ಕಂಬ ನೆಡೋಕೆ ಬಂದೋನಾಗಲಿ, ದೊಡ್ಡಾಯಿ ಮೊದಲು ಗಂಜಿ ಬಡಿಸಿ ಆಮೇಲೆ ಯಾರು ನೀನು ಅಂತ ಕೇಳೋಳು. ನನ್ನ ಹೆತ್ತದ್ದು ಆಯಿ, ಆದರೆ ನನ್ನ ಬೆನ್ನಿಗೆ ಬಿದ್ದ ಪೆಟ್ಟಿನಲ್ಲಿ ಮುಕ್ಕಾಲು ಪಾಲು ದೊಡ್ಡಾಯಿಯದು, ಪೆಟ್ಟು ಬಿದ್ದ ಮೇಲೆ ಬಾಯಿಗೆ ಬಿದ್ದ ಬೆಲ್ಲವೂ ಅವಳದೇ.

ಪೆಟ್ಟು ಸುಮ್ಮನೆ ಬೀಳ್ತಿರ್ಲಿಲ್ಲ. ದೋಣಿ ಕಣ್ಣಿಗೆ ಬಿದ್ದ ಮೇಲೆ ಅನ್ನಕ್ಕೆ ಇಡೋದು ನಮ್ಮ ಮನೆ ಪದ್ಧತಿ, ದಡಕ್ಕೆ ಬಂದವರಿಗೆ ಬಿಸಿ ಬಿಸಿ ಸಿಗಬೇಕು ಅಂತ. ನನಗೆ ಹಸಿವಾದಾಗೆಲ್ಲ ಅಂಗಳದಲ್ಲಿ ನಿಂತು "ದೋಣಿ ಬಂತೇ!" ಅಂತ ಕೂಗಿಬಿಡ್ತಿದ್ದೆ. ದೊಡ್ಡಾಯಿ ಗಡಬಡಿಸಿ ಅನ್ನಕ್ಕಿಡೋಳು. ಅನ್ನ ಆಗೋದು, ದೋಣಿ ಬರೋದಿಲ್ಲ, ಆರಿ ಹೋಗೋ ಅನ್ನವನ್ನ ನಾನು ಉಪಕಾರ ಮಾಡಿದವನ ಹಂಗೆ ಉಣ್ಣೋದು. ನಾಲ್ಕು ಸಲ ನಡೀತು. ಐದನೇ ಸಲ ಅವಳು ಒಲೆ ಮುಂದಿನಿಂದ ಏಳಲೇ ಇಲ್ಲ. ಕೂತಲ್ಲಿಂದಲೇ ಕತ್ತೆತ್ತಿ ಬಾಗಿಲ ಕಡೆ ನೋಡಿ, "ಸುಳ್ಳಾ, ಬಂದ್ರೆ ದ್ವೀಪದ ಬಾಲದ ಹತ್ತಿರ ಕಾಣ್ಬೇಕು. ಎಲ್ಲಿ?" ಅಂದಳು.

ಅವಳ ಮಣೆ ಇದ್ದ ಜಾಗ ಹಂಗಿತ್ತು. ಒಲೆ ಮುಂದೆ ಕೂತು ಎದುರು ಬಾಗಿಲಿಂದ ನೋಡಿದ್ರೆ ಅಂಜದೀವ ದ್ವೀಪದ ಬಾಲ ನಮ್ಮ ಗುಡ್ಡದ ಮೂಗಿಗೆ ಸರಿಯಾಗಿ ಮುಟ್ಟಿದ ಹಂಗೆ ಕಾಣ್ತಿತ್ತು. ದೋಣಿ ಬರೋದು ಅದೇ ಸಂದಿಯಿಂದ. ಬಲಗಡೆ ಕಿಟಕಿಯಿಂದ ನೋಡಿದ್ರೆ ಎರಡು ಗುಡ್ಡದ ನಡುವೆ ಒಂದು ಕರಿ ಬಂಡೆ, ಕೋಣ ಮಲಗಿದ ಹಂಗೆ. ಕಡಲಲ್ಲಿ ದೊಡ್ಡಪ್ಪ ಮಾಡ್ತಿದ್ದದ್ದೂ ಇದನ್ನೇ. ನೀರಿನ ಅಡಿಯ ಮೀನಿನ ಬಂಡೆ ಕಣ್ಣಿಗೆ ಕಾಣೋದಿಲ್ಲವಲ್ಲ, ಅದಕ್ಕೆ ದಡದ ಎರಡು ಗುರುತನ್ನ ಒಂದರ ಹಿಂದೆ ಒಂದು ತಂದು, ಮತ್ತೊಂದು ಬದಿಯ ಎರಡು ಗುರುತನ್ನೂ ಹಂಗೇ ಕೂಡಿಸಿ, ಎರಡೂ ಕೂಡಿದ ಕಡೆ ಲಂಗರು ಹಾಕೋನು. ಹಾಕಿದಲ್ಲಿ ಮೀನು ಇರೋದು. ದೊಡ್ಡಪ್ಪ ಅದನ್ನ ತನ್ನ ಅಪ್ಪನಿಂದ ಕಲಿತ. ದೊಡ್ಡಾಯಿ ಯಾರಿಂದ ಕಲಿತಳು ಅಂತ ಕೇಳ್ತೀರಾ? ನನ್ನಿಂದ. ನಾನು ಸುಳ್ಳು ಹೇಳದೇ ಇದ್ದಿದ್ರೆ ಅವಳು ಅಷ್ಟು ಕಣ್ಣಿಟ್ಟು ಹೊರಗೆ ನೋಡ್ತಾನೇ ಇರ್ಲಿಲ್ಲ.

ಆಮೇಲೆ ನೌಕಾನೆಲೆ ಬಂತು. ದೇಶಕ್ಕೆ ಬೇಕು ಅಂದ್ರು, ಕೇರಿಗೆ ಕೇರಿಯೇ ಖಾಲಿ ಆಯ್ತು, ನಾವು ಅಂಕೋಲೆ ಬದಿಗೆ ಬಂದ್ವಿ. ಅದರ ಕತೆ ದೊಡ್ಡದು, ಇಲ್ಲಿ ಬ್ಯಾಡ. ಬಾಗಿಲು ತಂದ್ವಿ, ಕಿಟಕಿ ತಂದ್ವಿ, ಒನಕೆ ತಂದ್ವಿ. ಒಲೆ ತರೋಕಾಗ್ಲಿಲ್ಲ. ಮಣ್ಣಿನದು, ಎತ್ತಿದ್ರೆ ಒಡೀತದೆ. ಹೊರಡೋ ದಿನ ದೊಡ್ಡಾಯಿ ಅದಕ್ಕೆ ಸೆಗಣಿ ಸಾರಿಸಿ, ಬೂದಿ ತೆಗೆದು, ನಾಳೆ ಬೆಳಿಗ್ಗೆ ಹಚ್ಚೋಳ ಹಂಗೆ ಒಳಗೆ ಒಣ ಸೋಗೆ ತುರುಕಿಟ್ಟು ಬಂದಳು.

ಇಸವಿ ಎರಡು ಸಾವಿರದ ಏಳೋ ಎಂಟೋ ಇರ್ಬೇಕು. ದೊಡ್ಡಪ್ಪ, ಅಪ್ಪ, ಆಯಿ ಯಾರೂ ಉಳಿದಿರ್ಲಿಲ್ಲ. ದೊಡ್ಡಾಯಿಗೆ ಎಂಬತ್ತರ ಹತ್ತಿರ. ನನ್ನ ಮೊಮ್ಮಗಳು ಚಿನ್ನಿ ಎರಡನೇ ಕ್ಲಾಸು. "ಅಜ್ಜಾ, ಕ್ಲಾಸಿನವರೆಲ್ಲ ಕಾರವಾರ ನೋಡಿದಾರೆ, ನಾ ಒಬ್ಬಳೇ ನೋಡ್ಲಿಲ್ಲ" ಅಂತ ದಿನಾ ರಾಗ. ಆಗ ಪೇಪರಿನಲ್ಲಿ ಬಂತು: ಒಂದು ದಿನದ ಮಟ್ಟಿಗೆ ನೆಲೆಯೊಳಗೆ ಜನರನ್ನ ಬಿಡ್ತಾರಂತೆ, ಹಡಗು ಹತ್ತಿ ನೋಡಬಹುದಂತೆ. ನಾನು ಓದಿ ಹೇಳಿದೆ. ಮೂಲೆಯಲ್ಲಿ ಶೆಟ್ಲಿ ಮೀನಿನ ಸಿಪ್ಪೆ ಬಿಡಿಸ್ತಾ ಕೂತಿದ್ದ ದೊಡ್ಡಾಯಿ ಕೈ ನಿಲ್ಲಿಸಿದಳು.

"ನಾನೂ ಬರ್ತೆ."

"ನೀ ಹಡಗು ನೋಡಿ ಎಂತ ಮಾಡ್ತೆ?"

"ಹಡಗು ಯಾರಿಗೆ ಬೇಕು? ನನ್ನ ಒಲೆ ಇದ್ದ ಜಾಗ ಒಂದು ಸಲ ನೋಡ್ಬೇಕು. ತೋರಿಸ್ತ್ಯಾ?"

"ಕಣ್ಣು ಕಟ್ಟಿ ಬಿಟ್ರೂ ತೋರಿಸ್ತೆ" ಅಂದೆ. ನನ್ನ ಬಾಯಿಗೆ ಬೀಗ ಇಲ್ಲ, ಏನು ಮಾಡೋದು.

ಬೆಳಿಗ್ಗೆ ಬಸ್ಸು ಹತ್ತಿ ಮೊದಲು ಕಾರವಾರಕ್ಕೇ ಹೋದ್ವಿ. ದೊಡ್ಡಾಯಿ ಅಲ್ಲಿಗೆ ಎಷ್ಟೋ ಸಲ ಹೋದವಳು, ಆದರೆ ಅವಳಿಗೆ ಕಾರವಾರ ಅಂದ್ರೆ ದೊಡ್ಡ ಆಸ್ಪತ್ರೆ, ಇಲ್ಲಾ ಕಚೇರಿ. ಸುಮ್ಮನೆ ತಿರುಗಾಡೋಕೆ ಹೋದದ್ದು ಅದೇ ಮೊದಲು. ಕಡಲ ದಂಡೆಯಲ್ಲಿ ಹಳೇ ಯುದ್ಧನೌಕೆಯನ್ನ ಮರಳ ಮೇಲೆ ಎತ್ತಿಟ್ಟಿದಾರಲ್ಲ, ಅದನ್ನ ನೋಡಿ ಅವಳು ಬಾಯಿ ಮೇಲೆ ಕೈ ಇಟ್ಟಳು. "ನೀರಿಲ್ದೆ ಹಡಗು ಎಂತಕ್ಕೆ ನಿಲ್ಸಿದ್ದು?" "ಪೆನ್ಶನ್ ಆಯ್ತು ಅದಕ್ಕೆ, ನಿನ್ನ ಹಂಗೆ ಕೂತ್ಕಂಡದೆ" ಅಂದೆ. "ನನಗೆಲ್ಲಿ ಪೆನ್ಶನ್? ನಿನ್ನ ಸಾಕಿದ್ದಕ್ಕೆ ಕೊಡ್ಬೇಕಿತ್ತು ಸರ್ಕಾರ" ಅಂದಳು. ಹಿಂದಿದ್ದ ಹುಬ್ಬಳ್ಳಿ ಕಡೆಯ ಹೆಂಗಸರೆಲ್ಲ ನಕ್ಕರು. ಹತ್ತಿರದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಮೀನು ಇಟ್ಟ ಮನೆ. ಚಿನ್ನಿ ಒಂದು ಸುತ್ತು ಓಡಿ ಮುಗಿಸಿದಳು, ದೊಡ್ಡಾಯಿ ಮೊದಲನೇ ಗಾಜಿನ ಮುಂದೆಯೇ ನಿಂತುಬಿಟ್ಟಿದ್ದಳು. ಒಂದು ಮೀನು ಬಾಯಿ ಮುಚ್ಚಿ ತೆಗೆದು ಮಾಡ್ತಾ ಇವಳನ್ನೇ ನೋಡ್ತಿತ್ತು. "ತಮಾ, ಹುಟ್ಟಿದಾಗಿಂದ ಮೀನು ಕೊಯ್ದವಳು ನಾನು. ಜೀವ ಇದ್ದಾಗ ಇವು ಹೀಂಗೆ ಮುಖ ನೋಡ್ತವೆ ಅಂತ ಗೊತ್ತೇ ಇರ್ಲಿಲ್ಲ" ಅಂದಳು. ಗಾಜಿನ ಮೇಲೆ ಗೇಣು ಹಾಕಿ ಅಳೆದು, "ಆದ್ರೂ ಸಾರಿಗೆ ಸಾಲೂದಿಲ್ಲ ಬಿಡು" ಅಂದಳು. ಮೂರೂ ಜನ ಐಸ್‌ಕ್ರೀಂ ತಿಂದ್ವಿ. ಅವಳ ಹಲ್ಲಿಲ್ಲದ ಬಾಯಿಗೆ ಅದು ಬಹಳ ಸೇರಿತು, ಚಿನ್ನಿಯದರಲ್ಲೂ ಅರ್ಧ ತಿಂದಳು.

ಮಧ್ಯಾಹ್ನ ಅಂಕೋಲೆ ದಾರಿಯಲ್ಲೇ ವಾಪಸ್ ಬಂದು ನೆಲೆಯ ಗೇಟಿನಲ್ಲಿ ಇಳಿದ್ವಿ. ಸಾಲು ಅಂದ್ರೆ ಸಾಲು. ಒಳಗೆ ಹಡಗಿಗೆಲ್ಲ ಬಣ್ಣದ ಬಾವುಟ, ಬ್ಯಾಂಡು, ಮಕ್ಕಳ ಕೇಕೆ. ಚಿನ್ನಿ ಜೊತೆ ಹಡಗು ಹತ್ತಿದೆ, ಆ ಬಣ್ಣದ ವಾಸನೆ ಅಲ್ಲಿಯದು. ಮೇಲೆ ನಿಂತು ದಡದ ಕಡೆ ನೋಡಿದೆ. ಏನೂ ಇಲ್ಲ. ತೆಂಗಿಲ್ಲ, ಬಾವಿ ಇಲ್ಲ, ಬೇಲಿ ಇಲ್ಲ, ದೋಣಿ ಎಳೀತಿದ್ದ ಮರಳು ಕೂಡ ಇಲ್ಲ. ಎಲ್ಲ ಸಮ ಮಾಡಿ ರಸ್ತೆ, ಗೋಡೆ, ಶೆಡ್ಡು. ಕಣ್ಣು ಕಟ್ಟೋದು ಬಿಡಿ, ಬಿಟ್ಟ ಕಣ್ಣಿಗೂ ನಮ್ಮ ಮನೆ ಎಲ್ಲಿತ್ತು ಅಂತ ಗೊತ್ತಾಗ್ಲಿಲ್ಲ. ಕೆಳಗೆ ದೊಡ್ಡಾಯಿ ಸೆರಗು ತಲೆಗೆ ಹಾಕ್ಕೊಂಡು ನನ್ನನ್ನೇ ಕಾಯ್ತಿದ್ದಳು. ಇಳಿದು ಬಂದೆ. ಬಾಯಿ ತನ್ನ ಕೆಲಸ ಮಾಡಿತು. "ಅಗೋ, ಆ ಬಾವುಟದ ಕಂಬ ಕಾಣ್ತದಲ್ಲ? ಅದರ ಬುಡವೇ ನಿನ್ನ ಒಲೆ. ಎಂಥ ಮರ್ಯಾದೆ ನೋಡು!"

ದೊಡ್ಡಾಯಿ ಕಂಬ ನೋಡಲೇ ಇಲ್ಲ. ಕಡಲ ಕಡೆ ನೋಡಿದಳು. "ಗಣ್ಪು, ಅರವತ್ತಕ್ಕೆ ಬಂದ್ಯಲ್ಲೋ, ಇನ್ನೂ ಸುಳ್ಳೇ? ದ್ವೀಪದ ಬಾಲ ಎಷ್ಟು ಹೊರಗೆ ಅದೆ ನೋಡು."

ಅಷ್ಟು ಹೇಳಿ ನಡೆದಳು. ಕೋಲು ಊರಿ ನಾಲ್ಕು ಹೆಜ್ಜೆ, ನಿಂತು ಕಡಲು ನೋಡೋದು, ತಿರುಗಿ ಗುಡ್ಡ ನೋಡೋದು, ಮತ್ತೆ ನಾಲ್ಕು ಹೆಜ್ಜೆ. ಮನೆ ಹೋಗಿತ್ತು, ದ್ವೀಪವನ್ನೂ ಗುಡ್ಡವನ್ನೂ ಯಾರೂ ಎತ್ತಿಟ್ಟಿರ್ಲಿಲ್ಲ. ಜನ ಹಡಗಿನ ಕಡೆ ಹೋಗ್ತಿದ್ರೆ ನಾವು ಮೂವರು ಅಡ್ಡಡ್ಡ. ದ್ವೀಪದ ಬಾಲ ಒಳಗೆ ಸರೀತಾ ಬಂತು, ಕರಿ ಬಂಡೆ ಅರ್ಧ ಕಾಣಿಸಿತು. ಅಷ್ಟರಲ್ಲಿ ಹಗ್ಗ. ಬಿಳಿ ಸಮವಸ್ತ್ರದ ಒಬ್ಬ ನೌಕಾ ಸಿಪಾಯಿ ಕೈ ಅಡ್ಡ ಹಿಡಿದ. "ಮಾತಾಜಿ, ಇಸ್ ಕೇ ಆಗೇ ನಹೀ."

ಹಗ್ಗದ ಆಚೆ ಬರೀ ಜಲ್ಲಿ ಹಾಕಿದ ಬಯಲು. ಇನ್ನೊಂದು ಹತ್ತು ಹದಿನೈದು ಹೆಜ್ಜೆ, ಅಷ್ಟೇ. ನಾನು ಗೋವಾ ಟ್ರಾಲರಿನಲ್ಲಿ ಕಲಿತ ಹಿಂದಿ ಹೊರಗೆ ತೆಗೆದೆ. ಈಕೆ ದೊಡ್ಡ ಸ್ವಾತಂತ್ರ್ಯ ಹೋರಾಟಗಾರ್ತಿ, ಬ್ರಿಟಿಷರ ಕಾಲದಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವಳು ಅಂದೆ. ಅವ ಟಕ್ಕಂತ ಸೆಲ್ಯೂಟ್ ಹೊಡೆದ. ಹಗ್ಗ ಎತ್ತಲಿಲ್ಲ. ಈಕೆಗೆ ಅರ್ಜೆಂಟಾಗಿ ಪಾಯಖಾನೆಗೆ ಹೋಗಬೇಕು ಅಂದೆ. ಅವ ಬಹಳ ಮರ್ಯಾದೆಯಿಂದ ಹಿಂದಿನ ದಾರಿ ತೋರಿಸಿದ.

"ಎಂತ ಹೇಳ್ತಿದ್ದೆ ಅವನಿಗೆ?" ದೊಡ್ಡಾಯಿ ಕೇಳಿದಳು.

"ನಿಂಗೆ ಹಸಿವು ಅಂದೆ."

"ಬಾಯಿ ಮುಚ್ಚು. ಇದ್ದದ್ದು ಹೇಳು."

ಇದ್ದದ್ದು ಹೇಳೋದು ನನಗೆ ಅಭ್ಯಾಸ ಇಲ್ಲ, ತಡವರಿಸಿದೆ. ಇವಳ ಮನೆ ಇಲ್ಲಿತ್ತು. ಅಡುಗೆ ಒಲೆ ಇಲ್ಲಿತ್ತು. ಅಲ್ಲಿಂದ ನೋಡಿದ್ರೆ ದ್ವೀಪದ ಕೊನೆ ಗುಡ್ಡದ ತುದಿಗೆ ಮುಟ್ತಿತ್ತು, ಈ ಕಡೆ ಆ ಬಂಡೆ ಪೂರಾ ಕಾಣ್ತಿತ್ತು. ಆ ಜಾಗ ಗುರುತು ಹಿಡಿಯೋಕೆ ಬಂದಿದ್ದಾಳೆ. ಅವ ಪೂರಾ ಕೇಳಿಸ್ಕೊಂಡ. ಆಮೇಲೆ ದ್ವೀಪ ನೋಡಿದ, ಬಂಡೆ ನೋಡಿದ. ಎರಡು ಗೆರೆ ಕೂಡಿಸಿ ಜಾಗ ಹಿಡಿಯೋದು ಅವನ ಕಸುಬೂ ಹೌದಲ್ಲ, ನಾನು ಬಿಡಿಸಿ ಹೇಳಬೇಕಾಗಲಿಲ್ಲ. ನಿಮ್ಮನ್ನ ಬಿಡೋ ಅಧಿಕಾರ ನನಗಿಲ್ಲ ಅಂದ. ಅಂದು, ತಾನೇ ಹಿಂದಕ್ಕೆ ತಿರುಗಿ ಜಲ್ಲಿ ಮೇಲೆ ನಡೆದ. ನಿಂತ, ನೋಡಿದ, ಎಡಕ್ಕೆ ಎರಡು ಹೆಜ್ಜೆ ಸರಿದ, ಒಂದು ಹೆಜ್ಜೆ ಹಿಂದೆ ಬಂದ. ಆಮೇಲೆ ಎರಡೂ ಕಾಲು ಜೋಡಿಸಿ ಕೈ ಮೇಲೆತ್ತಿದ. ಇಲ್ಲೇ.

ದೊಡ್ಡಾಯಿ ಹಗ್ಗ ಹಿಡ್ಕೊಂಡು ಅವನನ್ನೇ ನೋಡಿದಳು. ಅಳ್ತಾಳೆ ಅಂದ್ಕೊಂಡೆ, ಟವೆಲ್ಲು ತೆಗೆದಿಟ್ಟೆ. ಅವಳು ನನ್ನ ತೋಳು ತಿವಿದಳು.

"ಅಡುಗೆಮನೆ ಅದು. ಬೂಟು ಬಿಚ್ಚು ಹೇಳು ಅವನಿಗೆ."

ನನ್ನ ಜನ್ಮದಲ್ಲಿ ಮೊದಲ ಸಲ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ, ಹೇಳಿದ್ದನ್ನ ಹೇಳಿದ ಹಂಗೇ ಕೂಗಿದೆ. ಬೈತಾನೆ ಅಂತ ಹೆದರಿಕೆ. ಅವ ಒಂದು ಸಲ ಸುತ್ತ ನೋಡಿದ, ಮೇಲಿನವರು ಯಾರಾದ್ರೂ ಇದ್ದಾರಾ ಅಂತ ಇರ್ಬೇಕು. ಆಮೇಲೆ ಬಗ್ಗಿದ. ಕನ್ನಡಿ ಹಂಗೆ ಹೊಳೀತಿದ್ದ ಬೂಟಿನ ಲೇಸು ಬಿಚ್ಚಿ, ಒಂದೊಂದೇ ಕಾಲು ತೆಗೆದು, ಆ ಕಾದ ಜಲ್ಲಿ ಮೇಲೆ ಕಾಲುಚೀಲದಲ್ಲಿ ನಿಂತ. ಚಿನ್ನಿ ನಗಲಿಲ್ಲ.

"ಉಂಡ್ಯಾ ಕೇಳು" ಅಂದಳು ದೊಡ್ಡಾಯಿ. ಕೇಳಿದೆ. ಆಯ್ತು ಮಾತಾಜಿ ಅಂದ ಅವ. "ಹಂಗಾದ್ರೆ ಸೈ. ನಡಿ, ಬಸ್ಸು ತಪ್ತದೆ."

ಅದಾದ ಮೇಲೆ ಮೂರು ಮಳೆಗಾಲ ಇದ್ದಳು ದೊಡ್ಡಾಯಿ. ಬಂದವರಿಗೆಲ್ಲ ಮೀನು ಮುಖ ನೋಡಿದ ಕತೆ, ಐಸ್‌ಕ್ರೀಮಿನ ಕತೆ ಹೇಳೋಳು, ಬೂಟಿನ ಕತೆ ಮಾತ್ರ ಹೇಳ್ತಿರ್ಲಿಲ್ಲ. ಅದನ್ನ ನಾನು ಇವತ್ತು ನಿಮಗೆ ಹೇಳಿದೆ. ನಿಮ್ಮದೂ ಒಂದು ಒಲೆ ಎಲ್ಲೋ ಹೋಗಿರ್ತದೆ, ನಿಮಗೆ ಗೊತ್ತಾಗ್ತದೆ ಅಂತ. ಊರಿಗೆಲ್ಲ ಅಡ್ಡಹೆಸರು ಇಟ್ಟವ ನಾನು, ಆ ಹುಡುಗನ ನಿಜ ಹೆಸರು ಕೇಳೋಕೆ ಮರೆತೆ. ಈಗ ಅವನೂ ನೌಕರಿ ಬಿಟ್ಟು, ಕಡಲೇ ಕಾಣದ ಯಾವುದೋ ಗೋಧಿ ಬೆಳೆಯೋ ಊರಲ್ಲಿ ಕೂತಿರಬಹುದು. ಅವನ ಹೊಟ್ಟೆ ತಣ್ಣಗಿರಲಿ. ಹದಿನಾಲ್ಕು ಜನರಿದ್ದ ಆ ಮನೆ ಎಲ್ಲಿತ್ತು ಅಂತ ಸರಿಯಾಗಿ ತೋರಿಸಬಲ್ಲವರು ಈಗ ಭೂಮಿ ಮೇಲೆ ಮೂರೇ ಜನ: ನಾನು, ಚಿನ್ನಿ, ಮತ್ತೆ ಅವ. ಮೂವರಲ್ಲಿ ಯಾರು ಮೊದಲು ಮರೀತಾರೋ ಗೊತ್ತಿಲ್ಲ. ನಾನಂತೂ ಅಲ್ಲ.