ಎಲ್ಲರ ಕಾಕಾ ಆಗಿದ್ದಾಗ

ಬೀದರಿನ ಧಾನ್ಯಪೇಟೆ ಗಾಂಧಿ ಗಂಜಿನ ಅಡತಿ ಅಂಗಡಿಯೊಂದರಲ್ಲಿ ರೈತರ ಮಾಲು ಮಾರಿಕೊಡುತ್ತ ಆಯುಷ್ಯದ ಬಹುಭಾಗ ದುಡಿದು ಮನೆಯಲ್ಲಿ ಕೂತಿದ್ದ ನನ್ನನ್ನು ಇಬ್ಬರು ತರುಣರು ಹುಡುಕಿಕೊಂಡು ಬಂದರು. ರೈತರಿಂದ ಮೊಬೈಲ್ ಮೂಲಕ ತೊಗರಿ, ಹೆಸರುಕಾಳು ಕೊಳ್ಳುವ ಸ್ಟಾರ್ಟಪ್ ಒಂದನ್ನು ಅವರು ಬೀದರಿನಲ್ಲೇ ತೆರೆದಿದ್ದರು. ಔರಾದ ಕಡೆಯ ರೈತರಿಗೆ ನನ್ನ ಮುಖಪರಿಚಯವಿತ್ತು. ಆ ಪರಿಚಯ ತರುಣರಿಗೆ ಬೇಕಿತ್ತು.

"ಇಲ್ಲಿ ಸಾಹುಕಾರ ಅಂತ ಯಾರೂ ಇಲ್ರಿ. ಎಲ್ಲಾ ಒಂದೇ ಮನಿಮಂದಿ. ನೀವು ಎಲ್ಲಾರ ಕಾಕಾ," ಎಂದರು. ಮ್ಯಾಟ್ರಿಕ್ ಓದಿದ ನಾನು ಕಂಪನಿಯ ಟೀ ಶರ್ಟು ತೊಟ್ಟು ಹಿಗ್ಗಿದೆ.

ಅಲ್ಲಿ ರಜೆಗೆ ಲೆಕ್ಕವಿರಲಿಲ್ಲ. ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳಬಹುದಂತೆ. ನಮ್ಮ ಗಂಜಿನಲ್ಲಿ ಅಮಾವಾಸ್ಯೆಗೆ ವ್ಯಾಪಾರ ಬಂದ್. ಅಂದು ಹಮಾಲರು ಯಾರನ್ನೂ ಕೇಳುತ್ತಿರಲಿಲ್ಲ, ಬರುತ್ತಿರಲಿಲ್ಲ, ಅಷ್ಟೆ. ಇಲ್ಲಿ ಮಾತ್ರ ಪ್ರತಿ ರಜೆಯನ್ನೂ ಕೇಳಬೇಕು, ಕೇಳಿದವರು ಉಳಿದವರ ಕಣ್ಣಿಗೆ ಮೈಗಳ್ಳರಾಗಿ ಕಾಣಬೇಕು. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ಇದು ನನಗೆ ಬೇಗ ತಿಳಿಯಿತು. ತಿಳಿದೂ ಸುಮ್ಮನಿದ್ದೆ.

ಭಾಲ್ಕಿಯಿಂದ ದಿನವೂ ಬರುತ್ತಿದ್ದ ಹುಡುಗಿಯೊಬ್ಬಳು ರೈತರ ಫೋನುಗಳಿಗೆ ಉತ್ತರಿಸುತ್ತಿದ್ದಳು. ತೊಗರಿ ಸುಗ್ಗಿಯಲ್ಲೇ ಅವಳ ತಾಯಿಯ ಕಣ್ಣಿನ ಆಪರೇಷನ್ನಿಗೆ ದಿನ ನಿಗದಿಯಾಯಿತು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಅವಳು ರಜೆ ಕೇಳಿದಳು.

ತರುಣರು ನನ್ನನ್ನು ಪಕ್ಕಕ್ಕೆ ಕರೆದರು. "ಕಾಕಾ, ನಾವು ಹೇಳಿದ್ರ ಹುಕುಂ ಆಗ್ತದ. ನೀವು ಹೇಳ್ರಿ."

ಹೇಳಿದೆ. ಚಹಾ ತರಿಸಿ, ಎದುರಿಗೆ ಕೂಡಿಸಿಕೊಂಡು ಹೇಳಿದೆ. "ನಿಮ್ಮವ್ವನ ಕಣ್ಣು ನಾಕು ದಿನ ತಡದ್ರ ಏನಾಗ್ತದವ್ವಾ? ಮನ್ಯಾಗ ಮದಿವಿ ಇಟ್ಕೊಂಡು ಮಗಳೇ ಹೊಂಟ್ರ ಹ್ಯಾಂಗ?"

"ಇದ್ಯಾವ ಮದಿವಿರಿ ಕಾಕಾ? ವರ ಇಲ್ಲ, ವಧು ಇಲ್ಲ, ಬರೇ ತೊಗರಿ ಚೀಲ!" ಎಂದು ನಕ್ಕಳು.

"ಕಾಕಾನ ಮಾತು ತಗದು ಹಾಕ್ತಿಯೇನು?"

ಅವಳ ನಗು ನಿಂತಿತು. "ಹೋಗಂಗಿಲ್ಲ ಬಿಡ್ರಿ," ಎಂದಳು.

ಕೊಟ್ಟ ದಿನ ತಪ್ಪಬಾರದೆಂದು ತಾಯಿ ಒಬ್ಬರೇ ಬೀದರಿನ ಆಸ್ಪತ್ರೆಗೆ ಬಂದರು. ಜೊತೆಗೆ ಯಾರೂ ಇಲ್ಲವೆಂದು ಅಲ್ಲಿ ವಾಪಸ್ ಕಳಿಸಿದರು. ಮಂಜುಗಣ್ಣಿನಲ್ಲಿ ಬಸ್ಸಿನ ಮೆಟ್ಟಿಲು ಕಾಣದೆ ಭಾಲ್ಕಿಯಲ್ಲಿ ಬಿದ್ದು ಬಲಗೈ ಮುರಿದುಕೊಂಡರು. ಹುಡುಗಿ ಕೆಲಸ ಬಿಟ್ಟಳು. "ಅಕಿಗಿ ನಮ್ಮ ಕಲ್ಚರ್ ಹೊಂದಲಿಲ್ಲ," ಎಂದರು ತರುಣರು. ನಾನು ತಲೆಯಾಡಿಸಿದೆ. ಬಸ್ಸಿನಿಂದ ಬಿದ್ದದ್ದಕ್ಕೆ ನಾನೇನು ಮಾಡಲಿ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಆ ಮಾತು ನನಗೇ ರುಚಿಸದಾಯಿತು. ಕೆಲಸ ಬಿಟ್ಟು ಭಾಲ್ಕಿಗೆ ಹೋದೆ.

ತಾಯಿ ಎಡಗೈಯಲ್ಲಿ ನೀರಿನ ತಂಬಿಗೆ ತಂದಿಟ್ಟರು. ಬಲಗೈ ಇನ್ನೂ ಮೇಲೇಳುತ್ತಿರಲಿಲ್ಲ. ನಾನು ಹುಡುಗಿಯ ಕಡೆ ತಿರುಗಿದೆ. "ತಪ್ಪಾಗ್ಯದ ಮಗಳೇ. ಈ ಕಾಕಾಗ ಮಾಫ್ ಮಾಡು."

"ಕಾಕಾ ಅಂತ ಕೇಳಬ್ಯಾಡ್ರಿ," ಎಂದಳು. "ಕಾಕಾ ಕೇಳಿದ್ರ ನಾ ಹೂಂ ಅನ್ನಬೇಕಾಗ್ತದ. ಅವತ್ತೂ ಹಂಗೇ ಅಂದೆ."

ಈ ಸಲ ಕಾಕಾ ಆಗಿ ಅಲ್ಲ, ಆಫೀಸಿನವರು ಆಫೀಸಿನವರಿಗೆ ಹೇಳುವಂತೆ ಹೇಳಿದೆ: "ನಿಮಗ ರಜಾ ಸಿಗಬೇಕಿತ್ರಿ. ನಾ ತಪ್ಪಿಸಿದೆ. ಮಾಫ್ ಮಾಡ್ತೀರೇನ್ರಿ?"

ಅವಳು ತಾಯಿಯ ಕೈ ನೋಡಿದಳು.

"ಇಲ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುಕೂ ಇರಲಿಲ್ಲ. ನಾನು ಮತ್ತೆ ಒತ್ತಾಯಿಸಲಿಲ್ಲ. ಕೈಮುಗಿದು ಎದ್ದು ಬಂದೆ.