ಬ್ರೇಕ್ ಮಾವ

ಬೀದಿಯವರೆಲ್ಲ ಅವರನ್ನು ಕರೆಯುವುದೇ ಬ್ರೇಕ್ ಮಾವ ಎಂದು. ಮಗಳ ಬೈಕು ಮನೆಗೆ ಬಂದರೆ ಸಾಕು, ಮುಂದಿನ ಚಕ್ರ ಎತ್ತಿ ತಿರುಗಿಸಿ ಕಿವಿಗೊಡುತ್ತಾರೆ. ಕೊಂಚ ಉಜ್ಜಿದ ಸದ್ದಾದರೂ, "ಪಿಸ್ಟನ್ ಕಚ್ಕೊಂಡಿದೆ ಕಣೇ, ನಡುರಸ್ತೇಲಿ ಚಕ್ರ ಹಿಡ್ಕೊಂಡ್ರೆ ಏನ್ ಗತಿ" ಎನ್ನುತ್ತ ಬ್ರೇಕು ಬಿಚ್ಚಿ ಅಂಗಳದಲ್ಲಿ ಹರಡಿಕೊಳ್ಳುತ್ತಾರೆ. ಹ್ಯಾಂಡಲಿನ ಲಿವರ್ ಒತ್ತಿ, ಚಕ್ರದ ತಟ್ಟೆಗೆ ಬ್ರೇಕನ್ನು ಅದುಮುವ ಆ ಪುಟ್ಟ ಪಿಸ್ಟನ್ನನ್ನು ಒಂದಷ್ಟು ಹೊರಗೆ ತರುವುದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು, ಹೆಬ್ಬೆರಳಿನಿಂದ ಒಳಗೆ ತಳ್ಳುವುದು. ಸಲೀಸಾಗಿ ಹೋದರೆ ಅದಕ್ಕೂ ಅನುಮಾನ, ಮತ್ತೆ ಮೊದಲಿನಿಂದ ಶುರು. "ಉಜ್ಜಿ ಉಜ್ಜಿ ನೀವೇ ಸವೆದೋಗ್ತೀರ" ಎಂದು ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ರೇಗುತ್ತಾರೆ. ಮಗಳು ಹೊರಟಾಗ ಮಾವ ಗೇಟಿನವರೆಗೂ ಬೆನ್ನು ಬೀಳುತ್ತಾರೆ: "ಲಿವರ್ ಗಟ್ಟಿಯಾಗೋವರೆಗೂ ಒತ್ತಿ ನೋಡಿದ್ಯೇನಮ್ಮ?" ಅವಳು ಇಳಿಜಾರಿನ ತಿರುವು ದಾಟುವ ತನಕ ಅವರ ಬಲಗೈ ಬೆರಳುಗಳು ಗೇಟಿನ ಸರಳನ್ನೇ ಬ್ರೇಕೆಂಬಂತೆ ಅದುಮಿ ಹಿಡಿದಿರುತ್ತವೆ. "ಏನೂ ಆಗಲ್ಲ, ಒಳಗೆ ಬನ್ನಿ" ಎಂದು ಪಕ್ಕದಲ್ಲಿ ನಿಂತ ಅತ್ತೆ ಗದರುತ್ತಾರೆ, ತಾವು ಮಾತ್ರ ಕದಲುವುದಿಲ್ಲ. ಬೈಕಿನ ಹಿಂದಿನ ಬ್ರೇಕು ಬಲಗಾಲಿಗೆ ಸಿಗುವಂಥದ್ದು. ಅತ್ತೆಯ ಬಲಗಾಲು ಚಪ್ಪಲಿಯನ್ನು ನೆಲಕ್ಕೆ ಒತ್ತಿ ಹಿಡಿದಿರುವುದನ್ನು ಮಾವ ದಿನವೂ ನೋಡುತ್ತಾರೆ.